ದೇವತೆಗಳು ಕುಡಿದು ಉಳಿಸಿದ ಅಮೃತ್

ಗೆಳೆಯರ ಮನೆಯ ಪಾರ್ಟಿಯಲ್ಲಿ ವಿಸ್ಕಿ ಬಾಟಲಿ ಹೊರಬಂದೊಡನೆ ಹಲವರು ಹುಡುಕುವುದು ಅದರ ವಯಸ್ಸನ್ನು. ಹನ್ನೆರಡೋ, ಹದಿನೆಂಟೋ? ನಮ್ಮ ಬೆಂಗಳೂರಿನ ಅಮೃತ್ ಫ್ಯೂಷನ್ ಮೇಲೆ ಅಂಥ ಅಂಕಿಯೇ ಇಲ್ಲ. ಹಾಗೆಂದು ಅದನ್ನು ಪಕ್ಕಕ್ಕೆ ಸರಿಸಬೇಡಿ.

ರಾಧಾಕೃಷ್ಣ ಜಗದಾಳೆ ಅವರು ಅಮೃತ್ ಡಿಸ್ಟಿಲರೀಸ್ ಕಟ್ಟಿದ್ದು 1948ರಲ್ಲಿ. ಬಹುಕಾಲ ಅದು ರಮ್, ಬ್ರಾಂದಿಗಳ ಕಂಪನಿ. ನಮ್ಮಲ್ಲಿ ಅಗ್ಗದ ವಿಸ್ಕಿಗೆ ಹೆಚ್ಚಾಗಿ ಬಳಸುವುದು ಸಕ್ಕರೆ ಕಾರ್ಖಾನೆಯ ಕಾಕಂಬಿಯ ಮದ್ಯಸಾರ. ಯುರೋಪಿನ ಕಾನೂನಿನಲ್ಲಿ ಅದಕ್ಕೆ ವಿಸ್ಕಿ ಎಂಬ ಹೆಸರೇ ಸಲ್ಲದು. ಸಿಂಗಲ್ ಮಾಲ್ಟ್ ಎಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಇಳಿಸಿದ್ದು. (ನಮ್ಮ ರಾಗಿ ಮಾಲ್ಟಿನಲ್ಲಿರುವ ಮಾಲ್ಟೂ ಇದೇ ಮೊಳಕೆಯ ಮಾಲ್ಟು!) ಮಗ ನೀಲಕಂಠ ಜಗದಾಳೆ ಅವರ ಕಾಲದಲ್ಲಿ, 2004ರಲ್ಲಿ, ಅಮೃತ್ ಇಂಥ ಸಿಂಗಲ್ ಮಾಲ್ಟನ್ನು ಮೊದಲು ಬಿಡುಗಡೆ ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಕೊಲ್ಲನ ಬೀದಿಯಲ್ಲಿ ಸೂಜಿ ಮಾರಲು ಹೋದಂತೆ! ಬೆಂಗಳೂರಿನ ಅಂಗಡಿಗೆ ಅದು ಬಂದದ್ದು 2010ರಲ್ಲಿ.

ಇನ್ನು ವಯಸ್ಸಿನ ಮಾತು. ಓಕ್ ಪೀಪಾಯಿಯಲ್ಲಿ ಮಾಗುವಾಗ ವಿಸ್ಕಿ ಸ್ವಲ್ಪಸ್ವಲ್ಪವೇ ಆವಿಯಾಗುತ್ತದೆ. ಇದಕ್ಕೆ ದೇವತೆಗಳ ಪಾಲು ಎಂದು ಹೆಸರು. ಸ್ಕಾಟ್ಲೆಂಡಿನ ಚಳಿಯಲ್ಲಿ ದೇವತೆಗಳು ವರ್ಷಕ್ಕೆ ಸುಮಾರು ಶೇ. 2ರಷ್ಟು ಕುಡಿದರೆ, ಬೆಂಗಳೂರಿನಲ್ಲಿ ಶೇ. 10ರಿಂದ 12! ಹೆಸರೇ ಅಮೃತವಾದ ಮೇಲೆ ದೇವತೆಗಳು ಬಿಟ್ಟಾರೆಯೇ? ಹದಿನೆಂಟು ವರ್ಷ ಕಾದರೆ ಪೀಪಾಯಿಯ ತಳದಲ್ಲಿ ಉಳಿಯುವುದು ಅಷ್ಟರಲ್ಲೇ ಇದೆ. ಆದರೆ ಅದೇ ಸೆಕೆ ಮರದ ಬಣ್ಣವನ್ನೂ ರುಚಿಯನ್ನೂ ಬೇಗ ಹೀರಿಸುತ್ತದೆ. ನಾಲ್ಕೈದು ವರ್ಷಕ್ಕೇ ಇಲ್ಲಿಯ ವಿಸ್ಕಿ ಹದಕ್ಕೆ ಬರುತ್ತದೆ. ಮುಂದೆ ಎಂಟು ವರ್ಷ ಮಾಗಿಸಿದ ಒಂದನ್ನು ಹೊರತಂದಾಗ ಕಂಪನಿ ಅದಕ್ಕೆ ಇಟ್ಟ ಹೆಸರು ‘ಗ್ರೀಡಿ ಏಂಜಲ್ಸ್’. ದುರಾಸೆಯ ದೇವತೆಗಳು!

ಫ್ಯೂಷನ್ ಇನ್ನೊಂದು ಜಾಣತನ. ಭಾರತದ ಬಾರ್ಲಿಯನ್ನೂ, ಪೀಟ್ ಎಂಬ ಜೌಗುಮಣ್ಣಿನ ಹೊಗೆಯಲ್ಲಿ ಒಣಗಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಬೇರೆಬೇರೆಯಾಗಿ ಬಟ್ಟಿ ಇಳಿಸಿ, ಮಾಗಿಸಿ, ಆಮೇಲೆ ಕೂಡಿಸುತ್ತಾರೆ. ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ‘ವಿಸ್ಕಿ ಬೈಬಲ್’ನಲ್ಲಿ ಇದಕ್ಕೆ 97 ಅಂಕ ಕೊಟ್ಟು ಜಗತ್ತಿನ ಮೂರನೇ ಸ್ಥಾನದಲ್ಲಿ ಕೂರಿಸಿದರು. ಒಬ್ಬರ ನಾಲಿಗೆಯ ತೀರ್ಪು ನಿಜ. ಆದರೂ ಅಲ್ಲಿಂದಾಚೆಗೆ ‘ಇಂಡಿಯನ್ ವಿಸ್ಕಿ’ ಎಂದು ಮೂಗು ಮುರಿಯುವುದು ಕಷ್ಟವಾಯಿತು.

ಇದರಲ್ಲಿ ಮದ್ಯಸಾರ ಶೇ. 50. ಹಾಗಾಗಿ ಒಂದು ಚಮಚ ನೀರು ಬೆರೆಸಿ, ಎರಡು ನಿಮಿಷ ಬಿಡಿ. ಮೊದಲು ತೆಳುವಾದ ಹೊಗೆ, ಹಿಂದೆಯೇ ಕಿತ್ತಳೆ, ವೆನಿಲ್ಲಾ, ಕೊನೆಗೆ ಕಹಿ ಚಾಕೊಲೇಟು. ಕೋಲಾ ಸುರಿಯುವವರಿಗೆ ಬೇರೆ ಬಾಟಲಿ ತೆಗೆಯಿರಿ.