ಬೇಯಿಸಿದರೆ ಜೀರ್ಣವಾದೀತು, ಅಲರ್ಜಿ ಹೋದೀತೆ?

ನಾಗರ ಪಂಚಮಿ ಬಂತೆಂದರೆ ದಾವಣಗೆರೆ, ಹರಿಹರದ ಮನೆಗಳಲ್ಲಿ ಶೇಂಗಾ ಉಂಡೆ, ತಂಬಿಟ್ಟು, ಕಡಲೆಕಾಳಿನ ಉಸಲಿ. ಹಲವು ವರ್ಷಗಳ ಹಿಂದೆ ಹಬ್ಬದ ಮರುದಿನ ಹರಿಹರದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಗೆಳೆಯ ಕೊಟ್ಟ ಶೇಂಗಾ ಉಂಡೆ ತಿಂದ. ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿತು, ಮೈತುಂಬ ದದ್ದು ಎದ್ದವು, ಉಸಿರು ಕಟ್ಟತೊಡಗಿತು. ‘ಪಿತ್ತ ಆಗೈತಿ ಸರ್, ನಿಂಬೆಹಣ್ಣಿನ ಪಾನಕ ಕುಡಿಸ್ರಿ’ ಎಂದರು ಯಾರೋ. ಪುಣ್ಯಕ್ಕೆ ಆಸ್ಪತ್ರೆ ಹತ್ತಿರವಿತ್ತು, ಹುಡುಗ ಉಳಿದ. ಸಂಜೆ ಅವನ ತಾಯಿ ಕೇಳಿದರು: ‘ಶೇಂಗಾ ಚಲೋ ಹುರಿದೇ ಉಂಡೆ ಕಟ್ಟಿದ್ರಂತೆ. ಹಸಿ ಅಲ್ಲ. ಮತ್ಯಾಕೆ ಹಿಂಗಾತು ಸರ್?’

ಇದಕ್ಕೆ ಉತ್ತರ ಬೇಕಾದರೆ ಅಜೀರ್ಣವನ್ನೂ ಅಲರ್ಜಿಯನ್ನೂ ಬೇರೆಬೇರೆಯಾಗಿ ನೋಡಬೇಕು.

ಹೆಸರು, ತೊಗರಿ, ಹುರಳಿಗಳ ತೂಕದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಪ್ರೋಟೀನು. ಗಿಡ ಅದನ್ನು ಕೂಡಿಡುವುದು ಮುಂದಿನ ಮೊಳಕೆಗೆ, ನಮಗಲ್ಲ. ಆದ್ದರಿಂದಲೇ ಕಾಳಿನೊಳಗೆ ಕಾವಲೂ ಉಂಟು. ನಮ್ಮ ಕರುಳಿನಲ್ಲಿ ಪ್ರೋಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ಕಟ್ಟಿಹಾಕುವ ವಸ್ತು ಹಸಿ ಕಾಳುಗಳಲ್ಲಿದೆ. ಹುರಳಿಯಲ್ಲಂತೂ ಅದು ಹೆಚ್ಚು. ಹಸಿ ಸೋಯಾ ತಿಂದ ಇಲಿಗಳು ಸರಿಯಾಗಿ ಬೆಳೆಯುವುದಿಲ್ಲ, ಬೇಯಿಸಿ ಕೊಟ್ಟರೆ ಬೆಳೆಯುತ್ತವೆ ಎಂದು ಅಮೆರಿಕದ ಆಸ್ಬೋರ್ನ್ ಮತ್ತು ಮೆಂಡೆಲ್ 1917ರಲ್ಲೇ ತೋರಿಸಿದ್ದರು. ರಾತ್ರಿ ನೆನೆಹಾಕಿ, ಮೊಳಕೆ ಕಟ್ಟಿ, ಮೆತ್ತಗೆ ಬೇಯಿಸುವ ನಮ್ಮ ಅಜ್ಜಿಯರ ಪದ್ಧತಿ ಈ ಕಾವಲನ್ನು ಬಹುಮಟ್ಟಿಗೆ ಮುರಿಯುತ್ತದೆ.

ಇನ್ನು ಹೊಟ್ಟೆಯುಬ್ಬರ, ವಾಯು. ಇದರಲ್ಲಿ ಪ್ರೋಟೀನಿನ ತಪ್ಪು ಕಡಿಮೆ. ಕಾಳುಗಳಲ್ಲಿರುವ ರ‍್ಯಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ಹುಳಿಸಿ ಅನಿಲ ಮಾಡುತ್ತವೆ. ಮುಜುಗರವಾದೀತು, ಪ್ರಾಣಕ್ಕೆ ಅಪಾಯವಿಲ್ಲ.

ಅಲರ್ಜಿಯ ದಾರಿಯೇ ಬೇರೆ. ಇಲ್ಲಿ ತಪ್ಪುವುದು ಜೀರ್ಣಶಕ್ತಿಯಲ್ಲ. ನಮ್ಮ ರಕ್ಷಣಾ ವ್ಯವಸ್ಥೆ ಅನ್ನವನ್ನೇ ವೈರಿಯೆಂದು ತಿಳಿಯುತ್ತದೆ. ಶೇಂಗಾದ ಕೆಲವು ಪ್ರೋಟೀನುಗಳ ಎಳೆಗಳಿಗೆ ಗಂಧಕದ ಬಿಗಿಯಾದ ಹೊಲಿಗೆಗಳಿವೆ. ಒಲೆಯ ಬಿಸಿಗಾಗಲಿ ಜಠರದ ರಸಕ್ಕಾಗಲಿ ಅವು ಸುಲಭವಾಗಿ ಬಿಚ್ಚುವುದಿಲ್ಲ. ಹಾಗೆ ಉಳಿದ ತುಣುಕುಗಳನ್ನು ರಕ್ತದ ಪ್ರತಿಕಾಯಗಳು ಗುರುತು ಹಿಡಿದರೆ ದದ್ದು, ಊತ, ಉಬ್ಬಸ. ನೀರಿನಲ್ಲಿ ಬೇಯಿಸಿದಾಗ ಶೇಂಗಾದ ಈ ಗುಣ ಸ್ವಲ್ಪ ತಗ್ಗಿದರೂ, ಹುರಿದಾಗ ಹೆಚ್ಚುವುದೇ ಉಂಟು. ಆ ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿದೆ: ಹುರಿದದ್ದರಿಂದ ಕಾಳು ರುಚಿಯಾಯಿತೇ ಹೊರತು ಅವರ ಮಗನಿಗೆ ನಿರಪಾಯವಾಗಲಿಲ್ಲ. ಅಲರ್ಜಿ ಇದ್ದವರು ಬೇಯಿಸಿದ್ದನ್ನೂ ತಿನ್ನಬಾರದು.

ಹಾಗೆಂದು ಗಾಬರಿಪಟ್ಟು ಬೇಳೆಕಾಳನ್ನೇ ಬಿಡುವುದು ತರವಲ್ಲ. ಬಡವರ ಮನೆಯ ಪ್ರೋಟೀನು ಅದೇ. ಕರ್ನಾಟಕದಲ್ಲಿ 11 ಸಾವಿರಕ್ಕೂ ಹೆಚ್ಚು ವಯಸ್ಕರಿಂದ ವಿವರ ಪಡೆದು ನಡೆಸಿದ, 2016ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ, ಯಾವುದಾದರೊಂದು ಆಹಾರದ ವಿರುದ್ಧ ರಕ್ತದಲ್ಲಿ ಪ್ರತಿಕಾಯ ಇದ್ದವರು ಶೇ 26.5, ನಿಜಕ್ಕೂ ಆಹಾರದ ಅಲರ್ಜಿ ಇರಬಹುದಾದವರು ಶೇ 1.2 ಮಾತ್ರ. ರಕ್ತಪರೀಕ್ಷೆಯ ಚೀಟಿಯೊಂದನ್ನೇ ನೋಡಿ ಮಗುವಿನ ತಟ್ಟೆಯಿಂದ ಬೇಳೆ ತೆಗೆಯಬೇಡಿ. ಶೇಂಗಾ ಒಗ್ಗದವರಲ್ಲಿ ಹೆಚ್ಚಿನವರಿಗೆ ತೊಗರಿ, ಹೆಸರು ಒಗ್ಗುತ್ತವೆ. ಯಾವುದನ್ನು ಬಿಡಬೇಕೆಂಬುದನ್ನು ವೈದ್ಯರು ಹೇಳಲಿ.

ಒಮ್ಮೆ ಅಲರ್ಜಿ ಖಚಿತವಾದರೆ ಮಾತ್ರ ಸಡಿಲ ಬಿಡಬಾರದು. ಶೇಂಗಾ ಉಂಡೆಯಲ್ಲಿ ಕಾಣುತ್ತದೆ. ಚಟ್ನಿಪುಡಿಯಲ್ಲಿ, ಎಣ್ಣೆಗಾಯಿಯ ಮಸಾಲೆಯಲ್ಲಿ ಅಡಗಿ ಕೂತಿರುತ್ತದೆ. ಕಡಲೆ ಒಗ್ಗದವರಿಗೆ ನಮ್ಮೂರಿನ ಮಿರ್ಚಿಯ ಹಿಟ್ಟೂ, ಮಂಡಕ್ಕಿಗೆ ಉದುರಿಸುವ ಹುರಿಗಡಲೆ ಪುಡಿಯೂ ಅಪಾಯವೇ. ಮಗುವಿನ ಶಿಕ್ಷಕರಿಗೂ ಗೆಳೆಯರಿಗೂ ವಿಷಯ ತಿಳಿಸಿರಿ.

ತಿಂದ ಸ್ವಲ್ಪ ಹೊತ್ತಿನಲ್ಲೇ ತುಟಿ ಊದಿ, ಉಸಿರು ಕಟ್ಟಿದರೆ ಅದು ಪಿತ್ತವಲ್ಲ. ಪಾನಕ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ಆಸ್ಪತ್ರೆಗೆ ಓಡಿ. ಅಲ್ಲಿ ಕೊಡುವ ಅಡ್ರಿನಲಿನ್ ಚುಚ್ಚುಮದ್ದೇ ಜೀವ ಉಳಿಸುವ ಔಷಧಿ. ಅಂದು ನಾವು ಪಾನಕಕ್ಕೆಂದು ನಿಂಬೆಹಣ್ಣು ಹೆಚ್ಚುತ್ತ ಕೂತಿದ್ದರೆ ಏನಾಗುತ್ತಿತ್ತೋ ಎಂಬುದು ಪ್ರತಿ ಪಂಚಮಿಗೂ ನನಗೆ ನೆನಪಾಗುತ್ತದೆ.