ರಷ್ಯಾದಲ್ಲಿ ನೆಲೆಸಿ ರಷ್ಯನ್ ಕಲಿಯುವ ಬಗೆ

15ನೇ ಶತಮಾನದಲ್ಲಿ ರಷ್ಯಾದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್, ಮಾರಾಟಕ್ಕೆಂದು ಕುದುರೆಯೊಂದನ್ನು ತಂದು ಬಹಮನಿ ರಾಜಧಾನಿಯಾದ ಬೀದರಿನಲ್ಲಿ ತಂಗಿದ್ದನು. ಆತನ ಪ್ರವಾಸ ಕಥನದ ರಷ್ಯನ್ ವಾಕ್ಯಗಳ ನಡುವೆ ತುರ್ಕಿ ಮತ್ತು ಪಾರಸಿ ನುಡಿಗಳು ಬೆರೆತಿವೆ. ಪರದೇಶದಲ್ಲಿ ವ್ಯಾಪಾರ ಮಾಡುವವನಿಗೆ ಅಲ್ಲಿನ ಮಾತು ಅನಿವಾರ್ಯವೆಂಬುದು ಅಂದಿಗೂ ಸತ್ಯ, ಇಂದಿಗೂ ಸತ್ಯ. ಮಾಸ್ಕೋದಲ್ಲಿ ಕೆಲವು ತಿಂಗಳು ನೆಲೆಸುವ ಉದ್ಯಮಿಗೆ ಮಾತುಕತೆಯ ಮೇಜಿನಲ್ಲಿ ದುಭಾಷಿಯ ನೆರವು ದೊರೆಯಬಹುದು. ಆದರೆ ಗೋದಾಮು, ಅಂಗಡಿ ಮತ್ತು ದೂರವಾಣಿಯಲ್ಲಿ ಆತ ಒಂಟಿಯೇ.

ಮೊದಲ ಪಾಠ ಬೀದಿಯ ಫಲಕಗಳು

ರಷ್ಯನ್ ವರ್ಣಮಾಲೆಯಲ್ಲಿ 33 ಅಕ್ಷರಗಳಿವೆ. ಇವುಗಳಲ್ಲಿ ಕೆಲವು ಇಂಗ್ಲಿಷ್ ಅಕ್ಷರಗಳನ್ನು ಹೋಲಿದರೂ ಉಚ್ಚಾರ ಬೇರೆ. ‘ಪಿ’ಯಂತೆ ಕಾಣುವುದು ‘ರ್’, ‘ಎಚ್’ನಂತೆ ಕಾಣುವುದು ‘ನ್’, ‘ಸಿ’ಯಂತೆ ಕಾಣುವುದು ‘ಸ್’. ಹೀಗಾಗಿ ಹೊಸಬರು ‘ಪೆಕ್ಟೋಪಾ’ ಎಂದು ಓದುವ ಫಲಕ ವಾಸ್ತವವಾಗಿ ‘ರೆಸ್ತರಾನ್’, ಅಂದರೆ ಉಪಾಹಾರ ಗೃಹ. ಔಷಧದಂಗಡಿಗೆ ‘ಅಪ್ತೇಕ’, ಹಣ ಪಾವತಿಸುವ ಕಟ್ಟೆಗೆ ‘ಕಾಸ್ಸ’ ಎಂಬ ಪದಗಳಿವೆ. ಮೆಟ್ರೋ ರೈಲಿನಲ್ಲಿ ಬಾಗಿಲು ಮುಚ್ಚುವ ಎಚ್ಚರಿಕೆ ಮತ್ತು ಮುಂದಿನ ನಿಲ್ದಾಣದ ಹೆಸರು ಪ್ರತಿ ನಿಲುಗಡೆಯಲ್ಲಿಯೂ ಕೇಳಿಬರುತ್ತವೆ. ಶುದ್ಧ ಉಚ್ಚಾರವನ್ನು ಕಿವಿಗೆ ರೂಢಿಸಲು ಇದಕ್ಕಿಂತ ಅಗ್ಗದ ಶಾಲೆ ಇಲ್ಲ.

ಅಂಕಿಗಳಲ್ಲಿ ಎಚ್ಚರ

ಮಾರುಕಟ್ಟೆಯಲ್ಲಿ ‘ಸ್ಕೋಲ್ಕ ಸ್ತೋಯಿತ್’ ಎಂದರೆ ‘ಬೆಲೆ ಎಷ್ಟು’ ಎಂದರ್ಥ. ಉತ್ತರದಲ್ಲಿ ನಾಣ್ಯದ ಹೆಸರು ಸಂಖ್ಯೆಗೆ ತಕ್ಕಂತೆ ಬದಲಾಗುತ್ತದೆ: ಒಂದಕ್ಕೆ ‘ರೂಬ್ಲ್’, ಎರಡರಿಂದ ನಾಲ್ಕಕ್ಕೆ ‘ರುಬ್ಲ್ಯಾ’, ಐದಕ್ಕೆ ‘ರುಬ್ಲೇಯ್’. ಬರಹದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ರಷ್ಯಾದಲ್ಲಿ ದಶಾಂಶಕ್ಕೆ ಅಲ್ಪವಿರಾಮವನ್ನು ಬಳಸುವರು. ಸಾವಿರದ ಗುರುತಿಗೆ ಖಾಲಿ ಸ್ಥಳ ಬಿಡುವರು. ನಮ್ಮ ಪಟ್ಟಿಯಲ್ಲಿ 1,500 ಕಿಲೋ ಎಂದಿದ್ದರೆ ಅಲ್ಲಿನವರಿಗೆ ಅದು ಒಂದೂವರೆ ಕಿಲೋ ಎಂದು ತೋರಬಹುದು. ನಿತ್ಯದ ಅಂಗಡಿ ರಸೀದಿಗಳನ್ನು ಗಮನವಿಟ್ಟು ಓದಿದರೆ ಈ ರೂಢಿ ಬೇಗನೆ ತಿಳಿಯುತ್ತದೆ.

ಕನ್ನಡಿಗರಿಗೆ ಅನುಕೂಲ

ರಷ್ಯನ್ ವಾಕ್ಯರಚನೆಯ ಕೆಲವು ಅಂಶಗಳು ಇಂಗ್ಲಿಷಿಗಿಂತ ಕನ್ನಡಕ್ಕೆ ಹತ್ತಿರವಾಗಿವೆ. ‘ಇದು ಚಹಾ’ ಎಂಬಂತೆ ‘ಎತ ಚಾಯ್’ ಎಂದರೆ ಸಾಕು, ಕ್ರಿಯಾಪದ ಬೇಡ. ‘ನನ್ನ ಬಳಿ ಇದೆ’ ಎಂಬುದಕ್ಕೆ ‘ಉ ಮೆನ್ಯಾ ಯೆಸ್ತ್’, ‘ನನಗೆ ಬೇಕು’ ಎಂಬುದಕ್ಕೆ ‘ಮ್ನ್ಯೆ ನೂಝ್ನ’. ವಿಭಕ್ತಿಗಳೂ ಉಂಟು. ‘ನೀನು’, ‘ನೀವು’ ಎಂಬ ಭೇದಕ್ಕೆ ‘ತಿ’, ‘ವಿ’ ಎಂಬ ರೂಪಗಳಿವೆ. ವ್ಯವಹಾರದಲ್ಲಿ ಹಿರಿಯರನ್ನು ಹೆಸರಿನೊಡನೆ ತಂದೆಯ ಹೆಸರನ್ನೂ ಸೇರಿಸಿ ಸಂಬೋಧಿಸುವುದು ಗೌರವದ ಲಕ್ಷಣ. ಇವಾನ್ ಎಂಬವರ ಮಗನಾದರೆ ‘ಇವಾನೊವಿಚ್’.

ಕ್ರಿಯಾಪದದಲ್ಲಿರುವ ಮಾತಿನ ಬೆಲೆ

ಕಠಿಣವಾದುದು ಕ್ರಿಯಾಪದದ ಎರಡು ರೂಪಗಳು. ‘ಅತ್‌ಪ್ರವ್ಲ್ಯಾಲಿ’ ಎಂದರೆ ಸರಕನ್ನು ಕಳುಹಿಸುತ್ತಿದ್ದೆವು. ‘ಅತ್‌ಪ್ರಾವಿಲಿ’ ಎಂದರೆ ಕಳುಹಿಸಿ ಮುಗಿಸಿದೆವು. ಸರಕು ಇನ್ನೂ ಬಂದರಿನಲ್ಲಿರುವಾಗ ಎರಡನೆಯ ರೂಪವನ್ನು ಬಳಸಿದರೆ ಗ್ರಾಹಕನು ಅದು ಹೊರಟಿತೆಂದೇ ಭಾವಿಸುವನು. ವ್ಯಾಕರಣದ ಸಣ್ಣ ತಪ್ಪು ಕೊಟ್ಟ ಮಾತು ತಪ್ಪಿದಂತೆ ತೋರುವುದು ಹೀಗೆ. ಈ ವ್ಯತ್ಯಾಸವು ಪುಸ್ತಕದಿಂದ ಪೂರ್ಣವಾಗಿ ಮನದಟ್ಟಾಗದು. ಗೋದಾಮಿನ ಕೆಲಸಗಾರರ, ನೆರೆಹೊರೆಯವರ ನಿತ್ಯದ ಮಾತನ್ನು ಕೇಳುತ್ತ, ಕೇಳಿದ ವಾಕ್ಯವನ್ನು ಇಡಿಯಾಗಿ ಬರೆದಿಟ್ಟುಕೊಳ್ಳುತ್ತ ಬರಬೇಕು.

ಇಷ್ಟು ಕಲಿತ ಮಾತ್ರಕ್ಕೆ ಕರಾರುಪತ್ರವನ್ನು ತಾನೇ ಸಿದ್ಧಪಡಿಸಬಹುದೆಂದು ಉದ್ಯಮಿಯು ಭಾವಿಸಬಾರದು. ಆ ಕೆಲಸ ನುರಿತ ಅನುವಾದಕರದೇ. ಆದರೆ ದುಭಾಷಿಯು ಹೇಳಿದ್ದನ್ನು ಪರೀಕ್ಷಿಸುವ, ಬೆಲೆ ಮತ್ತು ತೂಕವನ್ನು ಸ್ವತಃ ಓದಿ ಖಚಿತಪಡಿಸಿಕೊಳ್ಳುವ ಶಕ್ತಿ ಆತನಿಗೆ ಲಭಿಸುತ್ತದೆ. ವ್ಯಾಪಾರದಲ್ಲಿ ಅದೂ ಒಂದು ಬಂಡವಾಳವೇ.