ಖಂಡಸ್ಫುಟಿತ ಜೀರ್ಣೋದ್ಧಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆಲ್ಲ ಪರಿಚಿತವಾದ ಮಾತೊಂದಿದೆ: 'ಖಂಡಸ್ಫುಟಿತ ಜೀರ್ಣೋದ್ಧಾರ'. ಅರಸನೋ ಸಾಮಂತನೋ ಊರಿನ ವರ್ತಕರೋ ದೇಗುಲಕ್ಕೆ ಭೂಮಿ ಬಿಡುವಾಗ, ದೇವರ ಅಂಗಭೋಗ ರಂಗಭೋಗಗಳ ಜೊತೆಗೆ, ಕಟ್ಟಡದ ಒಡಕು ಬಿರುಕುಗಳ ದುರಸ್ತಿಗೂ ಅದರ ಆದಾಯದಲ್ಲಿ ಪಾಲು ಇರಲೆಂದು ಕಲ್ಲಿನಲ್ಲಿ ಬರೆಯಿಸುತ್ತಿದ್ದರು. ಬಿ. ಎಲ್. ರೈಸ್ ಅವರು ೧೮೮೬ರಲ್ಲಿ ಹೊರತರಲಾರಂಭಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ ಸಂಪುಟಗಳನ್ನು ತಿರುವಿದರೆ ಈ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ನಾನಂತೂ ಹತ್ತೊಂಬತ್ತು ವರ್ಷಗಳಿಂದ ಇದನ್ನು ತರಗತಿಯಲ್ಲಿ ಬಿಡಿಸಿ ಹೇಳುತ್ತ ಬಂದಿದ್ದೇನೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಬಿರಿದದ್ದು, ಜೀರ್ಣವೆಂದರೆ ಶಿಥಿಲವಾದದ್ದು ಎಂದು ಕರಿಹಲಗೆಯ ಮೇಲೆ ಬರೆದು, ವಿಗ್ರಹವಾಕ್ಯ ಹೇಳಿ, ಕೈಗಂಟಿದ ಸೀಮೆಸುಣ್ಣವನ್ನು ಒರೆಸಿಕೊಂಡು ಹೊರಗೆ ಬಂದರೆ ನನ್ನ ಕೆಲಸ ಮುಗಿಯುತ್ತಿತ್ತು. ಆ ಮಾತಿನ ಅರ್ಥ ನನಗೆ ನಿಜವಾಗಿ ತಿಳಿದದ್ದು ಮಾತ್ರ ಈಚೆಗೆ, ಬೇರೊಂದು ಬಗೆಯ ಸುಣ್ಣ ಕೈಗೆ ಹತ್ತಿದ ಮೇಲೆ.

ಮದುವೆಯಾದಂದಿನಿಂದ ನಾವು ಸಾಗರದಲ್ಲಿ ಏಳು ಬಾಡಿಗೆ ಮನೆಗಳನ್ನು ಕಂಡವರು. ಏಳು ಮನೆಗಳ ಏಳು ಒಡೆಯರೂ ಬೇರೆ ಬೇರೆ ಸ್ವಭಾವದವರಾದರೂ ಒಂದು ವಿಷಯದಲ್ಲಿ ಅವರೆಲ್ಲ ಏಕಾಭಿಪ್ರಾಯದವರು: ಗೋಡೆಗೆ ಮೊಳೆ ಹೊಡೆಯಕೂಡದು. ನನ್ನ ಹೆಂಡತಿ ತವರಿನಿಂದ ತಂದಿದ್ದ ಅವಳ ತಂದೆಯ ಭಾವಚಿತ್ರವೊಂದಿತ್ತು. ಮಾವನವರು ನಮ್ಮ ಮದುವೆಯ ಮುಂಚೆಯೇ ತೀರಿಕೊಂಡವರು. ಕಟ್ಟು ಹಾಕಿಸಿದ ಆ ಚಿತ್ರ ಹತ್ತೊಂಬತ್ತು ವರ್ಷ ಪೆಟ್ಟಿಗೆಯ ತಳದಲ್ಲಿ, ಒಂದು ಹಳೆಯ ಸೀರೆಯ ಮಡಿಕೆಯಲ್ಲಿ ಕುಳಿತಿತ್ತು. ಮನೆ ಬದಲಾಯಿಸಿದಾಗಲೆಲ್ಲ ಅವಳು ಅದನ್ನು ಹೊರತೆಗೆದು, ಧೂಳು ಒರೆಸಿ, ಮತ್ತೆ ಒಳಗಿಡುತ್ತಿದ್ದಳು. ನಾನು ನೋಡಿಯೂ ನೋಡದವನಂತೆ ಪುಸ್ತಕಗಳನ್ನು ಕಟ್ಟುತ್ತಿದ್ದೆ.

ಕಳೆದ ವರ್ಷ ಏಳನೆಯ ಮನೆಯವರು, ಮಗನಿಗೆ ಮದುವೆ ಗೊತ್ತಾಗಿದೆ, ಮೇ ತಿಂಗಳ ಕೊನೆಗೆ ಬಿಟ್ಟುಕೊಡಿ ಎಂದರು. ಅದೇ ಸಮಯಕ್ಕೆ ಪೇಟೆಯ ಹಿಂದಿನ ಬೀದಿಯ ಹಂಚಿನ ಮನೆಯೊಂದು ಮಾರಾಟಕ್ಕಿದೆಯೆಂದು ಕಿವಿಗೆ ಬಿತ್ತು. ಹೋಗಿ ನೋಡಿದೆವು. ಜಂಬಿಟ್ಟಿಗೆಯ ಗೋಡೆ, ಮೇಲೆ ಸುಣ್ಣದ ಗಾರೆ, ಮಂಗಳೂರು ಹಂಚಿನ ಮಾಡು, ಕೆಂಪು ಕಾವಿಯ ನೆಲ. ಎಂಟು ವರ್ಷ ಯಾರೂ ವಾಸವಿರದೆ ಜಗಲಿಯ ಮೇಲೆ ಹುಲ್ಲು ಬೆಳೆದಿತ್ತು. ಗೆದ್ದಲು ಪಕಾಸಿಗಳನ್ನು ಹಿಡಿದಿತ್ತು. ನಡುಮನೆಯಲ್ಲಿ ನಿಂತು ತಲೆಯೆತ್ತಿದರೆ ಹಗಲಿನಲ್ಲಿಯೇ ನಕ್ಷತ್ರಗಳು ಕಾಣುತ್ತಿದ್ದುವು. ಹಂಚಿನಲ್ಲಿ ಅಷ್ಟು ತೂತು!

ಸಾಲ ಕೇಳಹೋದ ಬ್ಯಾಂಕಿನವರು ನಿವೇಶನಕ್ಕೊಂದು ಬೆಲೆ ಬರೆದು, ಕಟ್ಟಡದ ಎದುರಿಗೆ ಸೊನ್ನೆ ಹಾಕಿದರು. ಪರಿಚಯದ ಗುತ್ತಿಗೆದಾರರೊಬ್ಬರು, "ಕೆಡವಿಬಿಡಿ ಸಾರ್, ತಾರಸಿ ಮನೆ ಎಬ್ಬಿಸೋಣ" ಎಂದರು. ಅದಕ್ಕೆ ಬೇಕಾದ ಹಣ ನನ್ನಲ್ಲಿರಲಿಲ್ಲ. ನನ್ನ ಹೆಂಡತಿ ಯಾವ ಮಾತನ್ನೂ ಆಡದೆ ಗೋಡೆಯಿಂದ ಗೋಡೆಗೆ ಹೋಗಿ ಅಂಗೈಯಿಂದ ತಟ್ಟಿ ನೋಡುತ್ತಿದ್ದಳು. "ಗೋಡೆ ಗಟ್ಟಿಯಿದೆ. ಮಾಡು ನಾವೇ ಸರಿಮಾಡೋಣ. ಬಡಗಿಯವರದ್ದಷ್ಟು ಅವರು ಮಾಡಲಿ" ಎಂದಳು. ಅವಳು ಕೈಯಿಂದ ಬಳೆಗಳನ್ನು ತೆಗೆದುಕೊಟ್ಟದ್ದು ಮಾರನೆಯ ದಿನ. ಜೀರ್ಣವೆಂಬ ಶಬ್ದಕ್ಕೆ ಹೊಟ್ಟೆಯಲ್ಲಿ ಅರಗಿದ್ದು ಎಂಬ ಅರ್ಥವೂ ಉಂಟಷ್ಟೆ. ನಮ್ಮ ಉಳಿತಾಯ, ಅವಳ ಬಳೆ, ನನ್ನ ಭವಿಷ್ಯನಿಧಿಯ ಒಂದು ಭಾಗ, ಎಲ್ಲವನ್ನೂ ಆ ಮನೆ ಮೊದಲು ಜೀರ್ಣಿಸಿಕೊಂಡಿತು. ಅದರ ಉದ್ಧಾರ ಅನಂತರ.

ಫೆಬ್ರವರಿಯಲ್ಲಿ ಕೆಲಸ ಆರಂಭವಾಯಿತು. ಬೆಳಗಿನ ಪಾಠ ಮುಗಿಸಿ ಮಧ್ಯಾಹ್ನ ಹೋಗುವುದು, ಕತ್ತಲಾಗುವವರೆಗೆ ದುಡಿಯುವುದು. ಭಾನುವಾರವಾದರೆ ಇಡೀ ದಿನ. ಏಣಿಯ ಮೇಲೆ ನಾನು, ಕೆಳಗೆ ಅವಳು. ಒಂದೊಂದೇ ಹಂಚನ್ನು ಇಳಿಸಿ, ಪಾಚಿ ಉಜ್ಜಿ ತೊಳೆದು, ಬೆರಳ ಗೆಣ್ಣಿನಿಂದ ತಟ್ಟಿ ಕೇಳುವುದು. ಒಳ್ಳೆಯ ಹಂಚು ಗಂಟೆಯಂತೆ ನುಡಿಯುತ್ತದೆ. ಕಣ್ಣಿಗೆ ಕಾಣದ ಸೀಳಿದ್ದರೆ ಸದ್ದು ಒಡೆದುಹೋಗುತ್ತದೆ. ಎರಡು ಸಾವಿರದ ನೂರು ಹಂಚುಗಳನ್ನು ನಾವು ಹೀಗೆ ಪರೀಕ್ಷೆ ಮಾಡಿದೆವು. ಇನ್ನೂರ ನಲವತ್ತು ಅನುತ್ತೀರ್ಣವಾದುವು. ನನ್ನ ತರಗತಿಯ ಫಲಿತಾಂಶಕ್ಕಿಂತ ಇದು ಎಷ್ಟೋ ಮೇಲು.

ಒಂದು ಸಂಜೆ ಅವಳು ಹಂಚೊಂದರ ಬೆನ್ನನ್ನು ಸೆರಗಿನಿಂದ ಒರೆಸಿ, "ಇಲ್ಲಿ ನೋಡಿ, ಈ ಮನೆ ೧೮೬೫ರದ್ದು!" ಎಂದು ಕೂಗಿದಳು. ಉಬ್ಬಿದ ಅಕ್ಷರಗಳಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆಯ ಹೆಸರೂ ಆ ಇಸವಿಯೂ ಇದ್ದುವು. ಆದರೆ ಅದು ಮನೆಯ ವಯಸ್ಸಲ್ಲ, ಕಾರ್ಖಾನೆಯ ಹುಟ್ಟಿದ ವರ್ಷ. ಜರ್ಮನಿಯಿಂದ ಬಂದ ಪ್ಲೆಬ್ಸ್ಟ್ ಎಂಬ ಮಿಷನರಿ ಮಂಗಳೂರಿನ ನದೀತೀರದ ಜೇಡಿಮಣ್ಣನ್ನು ನೋಡಿ ಅಲ್ಲಿ ಹಂಚು ಸುಡಲು ತೊಡಗಿದ್ದು ೧೮೬೫ರಲ್ಲಿ. ಒಂದರ ಅಂಚು ಇನ್ನೊಂದರ ಗಾಡಿಗೆ ಕೂಡಿಕೊಳ್ಳುವ ಆ ಹಂಚು ಮಲೆನಾಡು ಕರಾವಳಿಗಳ ಹುಲ್ಲಿನ ಮಾಡುಗಳನ್ನು ಕ್ರಮೇಣ ಬದಲಾಯಿಸಿಬಿಟ್ಟಿತು. ಮೊದಲನೆಯ ಮಹಾಯುದ್ಧದ ತರುವಾಯ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಗೆ ಹೋದುವು. ಹಾಗಾದರೆ ನಮ್ಮ ಹಂಚು ಆ ಯುದ್ಧಕ್ಕಿಂತ ಹಿಂದಿನದಿರಬೇಕು. ನೂರು ಮಳೆಗಾಲಗಳನ್ನಂತೂ ಕಂಡಿದೆ.

ನನಗೆ ಆ ಕ್ಷಣದಲ್ಲಿ ಬೇರೊಂದು ಯೋಚನೆ ಬಂತು. ನನ್ನ ಮೇಜಿನ ಮೇಲೆ ಸದಾ ಇರುವ ಕಿಟ್ಟೆಲ್ ಅವರ ಕನ್ನಡ ಕೋಶ ೧೮೯೪ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನಲ್ಲಿ, ಇದೇ ಮಿಷನ್ನಿನ ಮುದ್ರಣಾಲಯದಲ್ಲಿ. ಒಂದೇ ಸಂಸ್ಥೆ ಒಂದು ಕೈಯಿಂದ ಮಣ್ಣನ್ನೂ ಇನ್ನೊಂದು ಕೈಯಿಂದ ಅಕ್ಷರವನ್ನೂ ಅಚ್ಚಿಗೆ ಒತ್ತಿತು. ಕೋಶವನ್ನು ದಿನವೂ ಕೊಂಡಾಡುವ ನಾನು, ತಲೆಯ ಮೇಲಿನ ಹಂಚನ್ನು ಒಮ್ಮೆಯೂ ತಲೆಯೆತ್ತಿ ಓದಿರಲಿಲ್ಲ.

ಮಾಡಿನ ಕೆಲಸ ಮಾರ್ಚಿಗೆ ಮುಗಿಯಿತು. ಗೆದ್ದಲು ಹಿಡಿದ ಪಕಾಸಿಗಳನ್ನು ಬಡಗಿಯವರು ಬದಲಾಯಿಸಿದರು. ರೀಪಿನ ಮೇಲೆ ಹಂಚು ಹೊದಿಸಿದವರು ನಾವೇ. ಅಲ್ಲಿಂದ ನನಗೆ ಸ್ವಲ್ಪ ಗರ್ವ ಬಂದಿತೆಂದು ಒಪ್ಪಿಕೊಳ್ಳಬೇಕು. ಉತ್ತರದ ಗೋಡೆಯ ಹಳೆಯ ಗಾರೆ ಉದುರುತ್ತಿತ್ತು. ಸುಣ್ಣ ಅರೆಯುವ ರಗಳೆ ಯಾರಿಗೆ ಬೇಕು, ಸಿಮೆಂಟು ಬಳಿದರೆ ನಾಲ್ಕು ದಿನದ ಕೆಲಸವೆಂದು ನಾನು ನಿಶ್ಚಯಿಸಿದೆ. ಆ ಗೋಡೆಯಲ್ಲಿ ಸುಣ್ಣದ ಹತ್ತಾರು ಪದರಗಳಡಿಯಲ್ಲಿ ಮರದ ಗಿಳಿಗೂಟವೊಂದು ಹೂತುಹೋಗಿತ್ತು. ಕರಣೆ ಆಡಿಸಲು ಅಡ್ಡವಾಗುತ್ತದೆಂದು ಅದನ್ನು ಕೊಯ್ಯಲು ಗರಗಸ ತಂದೆ. ಅವಳು ಬಂದು ಗೂಟದ ಮುಂದೆ ನಿಂತಳು.

"ಅದೇನು ನಿಮ್ಮನ್ನ ಕೇಳಿತು? ಇರಲಿ ಬಿಡಿ. ಸಿಮೆಂಟಿನ ವಿಚಾರವನ್ನೂ ಯಾರಾದರೂ ತಿಳಿದವರನ್ನ ಒಂದು ಮಾತು ಕೇಳಬಾರದೆ?"

"ತಿಳಿಯುವುದಕ್ಕೇನಿದೆ ಇದರಲ್ಲಿ?" ಎಂದೆ. ಗೂಟ ಉಳಿಯಿತು, ಸಿಮೆಂಟೂ ಬಿತ್ತು.

ಏಪ್ರಿಲ್ ಕೊನೆಗೆ ಮೂರು ದಿನ ಅಡ್ಡಮಳೆ ಹೊಯ್ದಿತು. ನಾಲ್ಕನೆಯ ದಿನ ಹೋಗಿ ನೋಡಿದರೆ ನನ್ನ ಗೋಡೆ ಬೆವರುತ್ತಿತ್ತು. ಕೆಳಗಿನಿಂದ ಮೊಳದೆತ್ತರ ಕಪ್ಪು ತೇವ, ಮೇಲೆ ಉಪ್ಪಿನ ಬಿಳಿ ಹೂವು. ತಟ್ಟಿದರೆ ಟೊಳ್ಳು ಸದ್ದು. ಹಂಚಿನ ಪರೀಕ್ಷೆ ಮಾಡಿದವನಿಗೆ ಆ ಸದ್ದಿನ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ಜಂಬಿಟ್ಟಿಗೆ ನೀರನ್ನು ಹೀರುವ ಕಲ್ಲು. ಹೀರಿದ ನೀರು ಮತ್ತೆ ಗಾಳಿಗೆ ಹೋಗಲು ದಾರಿ ಬೇಕು. ಸುಣ್ಣದ ಗಾರೆ ಆ ದಾರಿಯನ್ನು ಬಿಡುತ್ತದೆ, ಸಿಮೆಂಟು ಮುಚ್ಚುತ್ತದೆ. ಒಳಗೆ ಸಿಕ್ಕಿಬಿದ್ದ ತೇವ ಉಪ್ಪನ್ನು ಹೊತ್ತು ತಂದು ಗಾರೆಯನ್ನೇ ಗೋಡೆಯಿಂದ ನೂಕುತ್ತದೆ. ತಿರುವನಂತಪುರದಲ್ಲಿ ನೆಲೆಸಿ ೨೦೦೭ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಸಿಮೆಂಟಿನ ಮೋಹ ಬಿಟ್ಟು ಮಣ್ಣು ಸುಣ್ಣಗಳಿಂದ ಕಟ್ಟಿರೆಂದು ಜೀವಮಾನವೆಲ್ಲ ಹೇಳಿದ್ದು ಸುಮ್ಮನೆ ಅಲ್ಲ. ನಾನು ಅವರ ವಿಷಯ ಓದಿದ್ದೆ. ಓದಿದ್ದು ನೆನಪಿಗೆ ಬಂದದ್ದು ಗೋಡೆ ಅತ್ತ ಮೇಲೆ.

ಮನೆ ಬಿಟ್ಟುಕೊಡಲು ಉಳಿದಿದ್ದದ್ದು ಒಂದೇ ತಿಂಗಳು. ಖರ್ಚಾದ ಹಣ ಹೋಯಿತು. ನನ್ನ ಹೆಂಡತಿ ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೆ ಹಗುರವಾಗುತ್ತಿತ್ತು. ಎರಡು ದಿನ ನಾವು ಉಳಿ ಸುತ್ತಿಗೆ ಹಿಡಿದು, ಗೋಡೆಯ ಎರಡು ತುದಿಗಳಿಂದ ಆ ಸಿಮೆಂಟನ್ನು ಕೆತ್ತಿ ಕೆಡವಿದೆವು. ಮನೆಯಲ್ಲಿ ಉಳಿಯ ಸದ್ದಲ್ಲದೆ ಬೇರೆ ಸದ್ದಿರಲಿಲ್ಲ.

ಎರಡನೆಯ ಸಂಜೆ ಬಾಗಿಲಲ್ಲಿ ನೆರಳು ಬಿತ್ತು. ನಮ್ಮ ಕಾಲೇಜಿನ ಎರಡನೆಯ ವರ್ಷದ ಹುಡುಗ, ಕೊನೆಯ ಬೆಂಚಿನವನು. ಬೀದಿಯಲ್ಲಿ ಹೋಗುತ್ತಿದ್ದವನು ನನ್ನ ಅವಸ್ಥೆಯನ್ನು ನೋಡಿ ನಿಂತಿದ್ದ. "ಸಾರ್, ಉಳಿ ಹಾಗೆ ನೆಟ್ಟಗೆ ಹಿಡಿದರೆ ಕಲ್ಲು ಒಡೀತದೆ" ಎಂದು ಮೆಲ್ಲಗೆ ಹೇಳಿ, ನನ್ನ ಕೈಯಿಂದ ಉಳಿ ತೆಗೆದುಕೊಂಡು ಓರೆಯಾಗಿ ಕೊಟ್ಟ ಮೂರು ಪೆಟ್ಟಿಗೆ ಹಲಗೆಯಗಲ ಸಿಮೆಂಟು ಕಳಚಿ ಬಿತ್ತು. ಅವನ ಅಜ್ಜ ಗಾರೆಯವರಂತೆ. ಮರುದಿನ ಬೆಳಿಗ್ಗೆ ಅಜ್ಜನನ್ನೇ ಕರೆತಂದ.

ಅಜ್ಜ ಗೋಡೆಯನ್ನು ಸವರಿ, ಮೂಸಿ ನೋಡಿದರು. "ಸುಣ್ಣ ಇವತ್ತು ನೆನೆಹಾಕಿ ನಾಳೆ ಬಳೀತೀನಿ ಅಂದ್ರೆ ಆಗೋದಲ್ಲ ಮೇಷ್ಟ್ರೇ. ಅದು ಕೊಳೀಬೇಕು. ನಿಮಗೆ ಪುರುಸೊತ್ತು ಎಷ್ಟಿದೆ?" ಎಂದು ಕೇಳಿದರು. ನಾನು ಇಪ್ಪತ್ತೆಂಟು ದಿನವೆಂದೆ. ಅವರು ನಕ್ಕರು. ಆಮೇಲೆ ನನ್ನ ಹೆಂಡತಿಯ ಗುಳ್ಳೆ ಬಂದ ಅಂಗೈಯನ್ನು ನೋಡಿ ನಗುವನ್ನು ನಿಲ್ಲಿಸಿದರು. ತಮ್ಮ ಮನೆಯ ದುರಸ್ತಿಗೆಂದು ಎರಡು ವರ್ಷದಿಂದ ನೀರಿನಡಿಯಲ್ಲಿ ನೆನೆಹಾಕಿಟ್ಟಿದ್ದ ಸುಣ್ಣವಿತ್ತಂತೆ. ಅದರಲ್ಲಿ ಅರ್ಧವನ್ನು ಮೊಮ್ಮಗನ ಕೈಯಲ್ಲಿ ತರಿಸಿಕೊಟ್ಟರು. ಬೆಣ್ಣೆಯಂತಿತ್ತು.

ಸುಣ್ಣದ ವೃತ್ತಾಂತ ವಿಚಿತ್ರವಾದದ್ದು. ಕಲ್ಲನ್ನೋ ಚಿಪ್ಪನ್ನೋ ಒಂಬೈನೂರು ಡಿಗ್ರಿಯಷ್ಟು ಕಾಯಿಸಿದರೆ ಅದರೊಳಗಿನ ಇಂಗಾಲಾಮ್ಲ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹೊಯ್ದರೆ ಕೊತಕೊತ ಕುದಿದು ತಣಿಯುತ್ತದೆ. ಗೋಡೆಗೆ ಬಳಿದ ಮೇಲೆ, ತಾನು ಬೆಂಕಿಯಲ್ಲಿ ಕಳೆದುಕೊಂಡದ್ದನ್ನೇ ಗಾಳಿಯಿಂದ ಸ್ವಲ್ಪಸ್ವಲ್ಪವಾಗಿ ಮರಳಿ ಪಡೆದು ಪುನಃ ಕಲ್ಲಾಗುತ್ತದೆ. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಅಜ್ಜ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಬೆರೆಸಿಸಿ, ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಹೊಯ್ಯಿಸಿದರು. ಕೈ ಸುಡದಂತೆ ಕೊಬ್ಬರಿ ಎಣ್ಣೆ ಸವರಿಕೊಳ್ಳಲು ಹೇಳಿದರು. ತೆಳುವಾದ ಒಂದು ಪದರ, ಮೂರು ದಿನ ನೀರು ಚಿಮುಕಿಸುವುದು, ಮತ್ತೊಂದು ಪದರ. ಅವಸರ ಮಾಡಿದಲ್ಲೆಲ್ಲ ಗಾರೆ ಕೂದಲೆಳೆಯಷ್ಟು ಸೀಳುತ್ತಿತ್ತು. ಎಲ್ಲ ಸೀಳುಗಳೂ ನಾನು ಬಳಿದ ಕಡೆಯೇ ಇದ್ದುವೆಂದು ಅಜ್ಜನೂ ನನ್ನ ಹೆಂಡತಿಯೂ ಸೇರಿ ಕಂಡುಹಿಡಿದರು. ಆ ದಿನ ಅವಳು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕ ನಗು ಅದು.

ಕೆಲಸದ ನಡುವೆ ಒಮ್ಮೆ ಹುಡುಗನಿಗೆ, "ಖಂಡಸ್ಫುಟಿತವೆಂದರೆ ಇದೇ ಕಣಪ್ಪ" ಎಂದೆ. ಅವನು ತಲೆ ತಗ್ಗಿಸಿ, "ಗೊತ್ತು ಸಾರ್. ಕಿರುಪರೀಕ್ಷೆಗೆ ಬಂದಿತ್ತು" ಎಂದ. ರಾತ್ರಿ ಆ ಉತ್ತರಪತ್ರಿಕೆಗಳ ಕಟ್ಟನ್ನು ಹುಡುಕಿ ತೆಗೆದೆ. ಅವನು ಬರೆದಿದ್ದ: 'ಮುರಿದದ್ದನ್ನು ಕೂಡಿಸುವುದು, ಬಿರುಕಿಗೆ ಸುಣ್ಣ ತುಂಬುವುದು, ಹಳೆಯ ಗೋಡೆಯನ್ನು ಕೆಡವದೆ ಉಳಿಸುವುದು.' ವಿಗ್ರಹವಾಕ್ಯವಿಲ್ಲವೆಂದು, ಸಮಾಸದ ಹೆಸರು ಬರೆದಿಲ್ಲವೆಂದು, ಐದಕ್ಕೆ ಒಂದು ಅಂಕ ಕೊಟ್ಟು ಪಕ್ಕದಲ್ಲಿ ಕೆಂಪು ಮಸಿಯಿಂದ 'ಅಸ್ಪಷ್ಟ' ಎಂದು ನಾನೇ ಬರೆದಿದ್ದೆ. ಬಹಳ ಹೊತ್ತು ಆ ಹಾಳೆಯನ್ನು ಹಿಡಿದುಕೊಂಡು ಕುಳಿತಿದ್ದೆ. ಇಡೀ ತರಗತಿಯಲ್ಲಿ ಆ ಮಾತಿನ ಅರ್ಥ ತಿಳಿದಿದ್ದವನು ಅವನೊಬ್ಬನೇ. ನನ್ನನ್ನೂ ಸೇರಿಸಿ ಎಣಿಸಿದರೂ ಅವನೊಬ್ಬನೇ. ಮಾರನೆಯ ದಿನ ಅವನಿಗೆ ಇದನ್ನು ಹೇಳಿದೆ. ಅವನು ನಾಚಿಕೊಂಡು, "ಇರಲಿ ಸಾರ್, ಆ ಮೂಲೆ ಒಣಗುತ್ತಿದೆ, ನೀರು ಹಾಕಿ" ಎಂದ.

ಮೇ ಮೂವತ್ತಕ್ಕೆ ಹಾಲುಕ್ಕಿಸಿ ಒಳಗೆ ಬಂದೆವು. ಅಡುಗೆಮನೆಯ ಕಾವಿಯ ನೆಲದಲ್ಲಿ ಒಂದು ಉದ್ದನೆಯ ಬಿರುಕು ಹಾಗೆಯೇ ಇದೆ. ಅಷ್ಟರಲ್ಲಿ ಹಣವೂ ಮುಗಿದಿತ್ತು, ತೋಳೂ ಸೋತಿತ್ತು. ಜೂನ್ ಎರಡನೆಯ ವಾರದಲ್ಲಿ ಮುಂಗಾರು ಹಿಡಿಯಿತು. ಆ ರಾತ್ರಿ ನಾವಿಬ್ಬರೂ ಮಲಗಲಿಲ್ಲ. ದೀಪ ಹಿಡಿದು ಕೋಣೆಯಿಂದ ಕೋಣೆಗೆ ತಿರುಗಿದೆವು. ನಡುಮನೆಯ ನೆತ್ತಿಯಲ್ಲಿ ಒಂದೇ ಒಂದು ಕಡೆ ಹನಿ ಬೀಳುತ್ತಿತ್ತು. ಅವಳು ಬೋಗುಣಿಯೊಂದನ್ನು ತಂದು ಅದರಡಿಗೆ ಇಟ್ಟಳು. ಉತ್ತರದ ಗೋಡೆಯನ್ನು ಅಂಗೈಯಿಂದ ಸವರಿ ನೋಡಿದೆ. ತಣ್ಣಗಿತ್ತು, ಒದ್ದೆಯಿರಲಿಲ್ಲ.

ನಾನು ಒಳಗೆ ಹೋಗಿ ಸುತ್ತಿಗೆಯನ್ನೂ ಒಂದು ಹೊಸ ಮೊಳೆಯನ್ನೂ ತಂದು ಅವಳ ಮುಂದೆ ಹಿಡಿದೆ. ಹತ್ತೊಂಬತ್ತು ವರ್ಷ ಕಾದವಳು ಅವಳೇ, ಹೊಡೆಯುವವಳೂ ಅವಳೇ ಆಗಲೆಂದು ನನ್ನ ಆಸೆ. ಅವಳು ಮೊಳೆಯನ್ನು ನೋಡಿದಳು, ಗೋಡೆಯನ್ನು ನೋಡಿದಳು.

"ಅಯ್ಯೋ, ಈ ಗೋಡೆಗೆ ಮೊಳೆ ಹೊಡೆಯುವುದೆ? ಯಾರು ಬಳಿದದ್ದು ಅಂತ ಗೊತ್ತೆ ನಿಮಗೆ?" ಎಂದಳು.

ಪೆಟ್ಟಿಗೆ ತೆರೆದು, ಸೀರೆಯ ಮಡಿಕೆ ಬಿಡಿಸಿ, ತಂದೆಯ ಚಿತ್ರವನ್ನು ತಂದು ಆ ಗಿಳಿಗೂಟಕ್ಕೆ ತೂಗುಹಾಕಿದಳು. ಸ್ವಲ್ಪ ಎಡಕ್ಕೆ ವಾಲಿದೆ. ಈಗಲೂ ಹಾಗೆಯೇ ಇದೆ.